ತನ್ನವರೆದುರೇ ನುಡಿದ ಸತ್ಯ: ಕ್ರೈಸ್ತ ಧೈರ್ಯ ಎಂದರೇನು?

ಚರ್ಚಿನ ಪ್ರಸಂಗದಲ್ಲಿ, ಅಂದರೆ ಬೋಧನೆಯಲ್ಲಿ, ಧೈರ್ಯ ಅಂದಕೂಡಲೇ ನಮಗೆ ನೆನಪಾಗುವುದು ಏರಿದ ದನಿ. ಲೋಕದ ಪಾಪವನ್ನು, ಸಿನಿಮಾವನ್ನು, ಈಗಿನ ಹುಡುಗರನ್ನು, ಬೇರೆ ಧರ್ಮದವರನ್ನು ಖಂಡಿಸಿದ ಬೋಧಕರನ್ನು ‘ಎಷ್ಟು ಧೈರ್ಯವಾಗಿ ಮಾತಾಡಿದರು’ ಎಂದು ಹೊಗಳುತ್ತಾ ಮನೆಗೆ ಹೋಗುತ್ತೇವೆ. ಆ ಮಾತು ಕೇಳಿ ಅಲ್ಲಿ ಕೂತವರಲ್ಲಿ ಯಾರಿಗೂ ಏನೂ ಆಗಿರುವುದಿಲ್ಲ. ಹೇಳಿದವರಿಗೂ ಏನೂ ಆಗುವುದಿಲ್ಲ. ಬಯ್ಯಿಸಿಕೊಂಡವರು ಆ ಗೋಡೆಗಳ ಒಳಗೇ ಇರಲಿಲ್ಲ.

ಸತ್ಯವೇದ (ಬೈಬಲ್) ಧೈರ್ಯವೆಂದು ತೋರಿಸುವ ಘಟನೆಗಳನ್ನು ಒಂದೊಂದಾಗಿ ಓದುತ್ತಾ ಹೋದರೆ ಚಿತ್ರ ಬೇರೆಯೇ ಇದೆ. ನನಗೆ ಅಲ್ಲಿ ಎರಡು ಗುರುತುಗಳು ಮತ್ತೆ ಮತ್ತೆ ಕಾಣುತ್ತವೆ. ಮೊದಲನೆಯದು, ಸತ್ಯವನ್ನು ಹೇಳಿದ್ದು ಎದುರಿಗೆ ಕೂತವರಿಗೆ, ತನ್ನವರಿಗೆ, ತನಗೆ ಅನ್ನ ಹಾಕುವವರಿಗೆ. ಎರಡನೆಯದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ: ಇದು ಒಂಟಿ ವೀರರ ಸಾಹಸ ಎಂದು ನಾವು ಅಂದುಕೊಂಡಿರುವ ಕಡೆಗಳಲ್ಲೂ ಬಹಳ ಸಲ ಒಂದು ಗುಂಪು ಕೂಡಿ ಯೋಚಿಸಿ, ಪ್ರಾರ್ಥಿಸಿ, ಬೆಲೆ ತೆರಲು ಒಪ್ಪಿಕೊಂಡು, ಆಮೇಲೆ ಒಬ್ಬರ ಬಾಯಿಂದ ಹೇಳಿಸಿದೆ. ಈ ಎರಡನೆಯ ಗುರುತು ಇಲ್ಲದ ಕಡೆ ಸತ್ಯ ಹೇಳಿದ ಕೆಲವರು ಒಂಟಿಯಾಗಿ ನುಗ್ಗಾಗಿದ್ದಾರೆ.

ಕ್ರಿಸ್ತಪೂರ್ವ 8ನೆಯ ಶತಮಾನದ ಪ್ರವಾದಿ ಆಮೋಸನಿಂದ ಶುರುಮಾಡಬಹುದು. ದಕ್ಷಿಣದ ಯೆಹೂದ ರಾಜ್ಯದ ತೆಕೋವ ಎಂಬ ಊರಿನವನು. ಕುರಿ ಕಾಯುವುದು, ಅತ್ತಿಮರ ನೋಡಿಕೊಳ್ಳುವುದು ಅವನ ಕಸುಬು. ಉತ್ತರದ ಇಸ್ರಾಯೇಲ್ ರಾಜ್ಯ ಆಗ ಸಿರಿಯಲ್ಲಿ ಮೆರೆಯುತ್ತಿತ್ತು. ಅಲ್ಲಿನವರಿಗೆ ಹೇಳಿದ ಅವನ ಮಾತುಗಳು ಮೊದಲು ಹೊರಡುವುದು ಸುತ್ತಲಿನ ಶತ್ರುಗಳ ಮೇಲೆ: ದಮಸ್ಕ, ಗಾಜ, ತೂರ್, ಎದೋಮ್, ಅಮ್ಮೋನ್, ಮೋವಾಬ್. ಕೇಳುತ್ತಿದ್ದವರು ತಲೆದೂಗಿರಬೇಕು. ಆಮೇಲೆ ತನ್ನದೇ ಯೆಹೂದದ ಸರದಿ. ಕೊನೆಗೆ ತಲೆದೂಗುತ್ತಿದ್ದವರ ಕಡೆಗೇ ತಿರುಗಿ, ನೀವು ಬಡವನನ್ನು ಒಂದು ಜೊತೆ ಕೆರಕ್ಕೆ ಮಾರಿದವರು ಅನ್ನುತ್ತಾನೆ. ಆ ಪುಸ್ತಕದ ಮೊದಲ ಎರಡು ಅಧ್ಯಾಯಗಳ ಕಟ್ಟೋಣವೇ ಹೀಗಿದೆ. ಬೇರೆಯವರ ಪಾಪ ಅಲ್ಲಿ ಬರಿಯ ಪೀಠಿಕೆ. ನಾವಾಗಿದ್ದರೆ ಮೋವಾಬಿನ ಹತ್ತಿರವೇ ನಿಲ್ಲಿಸಿ ಕಾಣಿಕೆ ಎತ್ತುತ್ತಿದ್ದೆವು.

ಬೇತೇಲಿನ ಯಾಜಕ ಅಮಚ್ಯನಿಗೆ ಇದು ಸಹಿಸಲಿಲ್ಲ. ಇದು ರಾಜನ ಆಲಯ, ನಿನ್ನ ಊರಿಗೆ ಹೋಗಿ ಅಲ್ಲಿ ಪ್ರವಾದಿಸಿ ಹೊಟ್ಟೆ ಹೊರೆದುಕೋ ಎಂದು ಅವನನ್ನು ಗದರಿದ. ಅದಕ್ಕೆ ಆಮೋಸ, ತಾನು ಪ್ರವಾದಿಯೂ ಅಲ್ಲ ಪ್ರವಾದಿಯ ಮಗನೂ ಅಲ್ಲ, ಕುರಿ ಕಾಯುವವನು ಅಂದ. ನನ್ನ ಅನ್ನ ನಿಮ್ಮ ಕೈಯಲ್ಲಿಲ್ಲ ಎಂಬುದು ಆ ಉತ್ತರದ ತಾತ್ಪರ್ಯ.

ನಾತಾನನ ಸ್ಥಿತಿ ಇದಕ್ಕೆ ತದ್ವಿರುದ್ಧ. ಅವನು ದಾವೀದ ಅರಸನ ಬಳಗದ ಪ್ರವಾದಿ. ಅರಸ ತನ್ನ ಸೈನಿಕ ಊರೀಯನ ಹೆಂಡತಿಯನ್ನು ಕರೆಸಿಕೊಂಡು, ಆಮೇಲೆ ಊರೀಯನನ್ನೇ ಯುದ್ಧದ ಮುಂಚೂಣಿಯಲ್ಲಿ ನಿಲ್ಲಿಸಿ ಸಾಯಿಸಿದ್ದ. ನಾತಾನ ನೇರವಾಗಿ ಆರೋಪ ಹೊರಿಸುವುದಿಲ್ಲ. ಒಬ್ಬ ಶ್ರೀಮಂತ ತನ್ನ ಮಂದೆಯನ್ನು ಬಿಟ್ಟು ಬಡವನೊಬ್ಬ ಮಗಳಂತೆ ಸಾಕಿದ್ದ ಒಂದೇ ಕುರಿಮರಿಯನ್ನು ಕಿತ್ತುಕೊಂಡು ನೆಂಟನಿಗೆ ಅಡುಗೆ ಮಾಡಿಸಿದ ಕಥೆ ಹೇಳುತ್ತಾನೆ. ಅರಸ ಕೆರಳಿ, ಅಂಥವನು ಸಾಯಬೇಕು ಅನ್ನುತ್ತಾನೆ. ಆಗ ನಾತಾನ: ಆ ಮನುಷ್ಯ ನೀನೇ. ಜಾಣತನವೂ ಧೈರ್ಯದ ಭಾಗವೇ ಎಂದು ನಾನು ಕಲಿತದ್ದು ಈ ಕಥೆಯಿಂದ. ದಾವೀದನೊಳಗೆ ಇನ್ನೂ ಸತ್ತಿರದ ನ್ಯಾಯಬುದ್ಧಿಯನ್ನು ಮೊದಲು ಎಬ್ಬಿಸಿ, ಅದರ ಕೈಯಲ್ಲೇ ತೀರ್ಪು ಬರೆಸಿದ. ಎದುರಾಳಿಯನ್ನು ಮುಗಿಸುವುದು ಅವನಿಗೆ ಬೇಕಿರಲಿಲ್ಲ, ಅರಸ ತಿರುಗಬೇಕಿತ್ತು.

ಹೊಸ ಒಡಂಬಡಿಕೆಯಲ್ಲಿ ಕ್ರೈಸ್ತ ಸಭೆಯೊಳಗೇ ನಡೆದ ಒಂದು ಮುಖಾಮುಖಿ ಊಟಕ್ಕೆ ಸಂಬಂಧಿಸಿದ್ದು. ನಮ್ಮ ನಾಡಿನವರು ಅದನ್ನು ಬಹಳ ಗಮನವಿಟ್ಟು ಓದಬೇಕು. ಅಂತಿಯೋಕ್ಯದಲ್ಲಿ ಯೆಹೂದ್ಯ ಮೂಲದ ವಿಶ್ವಾಸಿಗಳೂ ಅನ್ಯಜನರಿಂದ, ಅಂದರೆ ಯೆಹೂದ್ಯರಲ್ಲದವರಿಂದ, ಬಂದ ವಿಶ್ವಾಸಿಗಳೂ ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಪೇತ್ರನೂ ಅವರೊಡನೆ ಉಣ್ಣುತ್ತಿದ್ದ. ಯೆರೂಸಲೇಮಿನ ಸಭೆಯ ನಾಯಕ ಯಾಕೋಬನ ಕಡೆಯಿಂದ ಕೆಲವರು ಬಂದ ಮೇಲೆ ಅವರಿಗೆ ಹೆದರಿ ಪಂಕ್ತಿಯಿಂದ ಹಿಂದೆ ಸರಿದ. ಬಾರ್ನಬನಂಥ ಬಾರ್ನಬನೂ ಅವನ ಹಿಂದೆ ಹೋದ. ಗಲಾತ್ಯದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಪೌಲ ಹೇಳುವಂತೆ, ಅವನು ಪೇತ್ರನನ್ನು ಎಲ್ಲರ ಮುಂದೆ ಮುಖಾಮುಖಿಯಾಗಿ ಎದುರಿಸಿದ. ಪೇತ್ರ ಯೇಸುವಿನ ಜೊತೆಗೇ ಇದ್ದವನು, ಪೌಲ ಸಭೆಯನ್ನು ಹಿಂಸಿಸಿ ಆಮೇಲೆ ಬಂದವನು. ಹಿರಿತನ ನೋಡಿದರೆ ಪೌಲ ಬಾಯಿ ತೆರೆಯುವಂತಿರಲಿಲ್ಲ.

ಇಲ್ಲಿ ಒಂದು ಗೊಂದಲ ಬರುವುದು ಸಹಜ. ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯದಲ್ಲಿ ಯೇಸು, ನಿನ್ನ ಸಹೋದರ ತಪ್ಪು ಮಾಡಿದರೆ ಮೊದಲು ನೀವಿಬ್ಬರೇ ಇರುವಾಗ ಹೇಳು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು ಅನ್ನುತ್ತಾನೆ. ಹಾಗಾದರೆ ಪೌಲ ನಿಯಮ ಮುರಿದನೇ? ನನ್ನ ಓದಿನಲ್ಲಿ ಇಲ್ಲ. ಮತ್ತಾಯನ ಕ್ರಮ ಸಮಾನರಾದ ಇಬ್ಬರ ನಡುವಿನ ಮುನಿಸಿಗೆ ಹೇಳಿದ್ದು. ಅಂತಿಯೋಕ್ಯದಲ್ಲಿ ಎಲ್ಲರ ಕಣ್ಣೆದುರು ಒಂದು ಗುಂಪಿಗೇ ಅವಮಾನವಾಗಿತ್ತು. ಪೌಲ ಪೇತ್ರನ ಕಿವಿಯಲ್ಲಿ ಪಿಸುಗುಟ್ಟಿದ್ದರೆ ಪೇತ್ರನ ಮಾನ ಉಳಿಯುತ್ತಿತ್ತು, ಪಂಕ್ತಿಯಿಂದ ಹೊರಗುಳಿದವರದು ಉಳಿಯುತ್ತಿರಲಿಲ್ಲ. ಬಹಿರಂಗವಾಗಿ ಆದ ಗಾಯಕ್ಕೆ ಬಹಿರಂಗವಾಗಿಯೇ ಉತ್ತರ ಬೇಕಾಗುತ್ತದೆ.

ಇನ್ನು ಅಪೊಸ್ತಲರ ಕೃತ್ಯಗಳ 4ನೆಯ ಅಧ್ಯಾಯ. ಯೆಹೂದ್ಯರ ಹಿರೀಸಭೆ ಪೇತ್ರ ಯೋಹಾನರನ್ನು ಹಿಡಿದು, ಯೇಸುವಿನ ಹೆಸರೆತ್ತಬೇಡಿ ಎಂದು ಬೆದರಿಸಿ ಬಿಡುತ್ತದೆ. ಅವರು ನೆಟ್ಟಗೆ ತಮ್ಮವರ ಬಳಿ ಬರುತ್ತಾರೆ. ಎಲ್ಲರೂ ಕೂಡಿ ಪ್ರಾರ್ಥಿಸುತ್ತಾರೆ. ಬೆದರಿಕೆ ಹಾಕಿದವರನ್ನು ತೆಗೆದುಹಾಕು ಎಂದು ಅವರು ಕೇಳುವುದಿಲ್ಲ, ಧೈರ್ಯದಿಂದ ಹೇಳುವ ಶಕ್ತಿ ಕೊಡು ಎಂದು ಕೇಳುತ್ತಾರೆ. ಅಂದರೆ ಧೈರ್ಯ ಸದಾ ತಮ್ಮ ಕೈಯಲ್ಲೇ ಇದೆ ಎಂದು ಅವರು ಅಂದುಕೊಳ್ಳಲಿಲ್ಲ. ಕೂಡಿ ಬೇಡಿ ಪಡೆದುಕೊಂಡರು. ಸ್ವಭಾವತಃ ಪುಕ್ಕಲರಾದವರಿಗೆ ಇದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ.

1511ರ ಒಂದು ಭಾನುವಾರ

ಈ ಎರಡೂ ಗುರುತುಗಳು ಒಟ್ಟಿಗೆ, ಬಹಳ ಸ್ಪಷ್ಟವಾಗಿ ಕಾಣುವ ಘಟನೆ ಕೆರಿಬಿಯನ್ ಸಮುದ್ರದ ಹಿಸ್ಪಾನಿಯೋಲಾ ದ್ವೀಪದಲ್ಲಿ ನಡೆಯಿತು. ಇಂದು ಹೈಟಿ ಮತ್ತು ಡೊಮಿನಿಕನ್ ಗಣರಾಜ್ಯ ಹಂಚಿಕೊಂಡಿರುವ ದ್ವೀಪ ಅದು. ಕೊಲಂಬಸ್ 1492ರಲ್ಲಿ ಅಲ್ಲಿಗೆ ಬಂದ ಮೇಲೆ ಸ್ಪೇನಿನವರು ನೆಲೆಯೂರಿದರು. ಅಲ್ಲಿನ ಮೂಲನಿವಾಸಿಗಳಾದ ತೈನೋ ಜನರನ್ನು ಸ್ಪೇನಿನ ವಲಸಿಗರಿಗೆ ತಲೆ ಲೆಕ್ಕದಲ್ಲಿ ಹಂಚುವ ಎಂಕೊಮಿಯೆಂಡ ಎಂಬ ಏರ್ಪಾಡು ಬಂತು. ಕಾಗದದ ಮೇಲೆ ಅದರ ಅರ್ಥ ಇಷ್ಟು: ಆ ಜನ ನಿನಗಾಗಿ ದುಡಿಯುತ್ತಾರೆ, ನೀನು ಅವರಿಗೆ ಕ್ರೈಸ್ತ ಧರ್ಮ ಕಲಿಸಬೇಕು. ನಿಜದಲ್ಲಿ ಅದು ಚಿನ್ನದ ಗಣಿಯ ಜೀತವಾಗಿತ್ತು. ದುಡಿತ, ಹಸಿವು, ಹಿಂಸೆ, ರೋಗಗಳಲ್ಲಿ ಜನ ಎಷ್ಟು ಬೇಗ ಅಳಿದರೆಂದರೆ, 1514ರಲ್ಲಿ ಮತ್ತೊಮ್ಮೆ ಹಂಚಿಕೆ ಮಾಡಲು ಎಣಿಸಿದಾಗ ಇಡೀ ದ್ವೀಪದಲ್ಲಿ ಲೆಕ್ಕಕ್ಕೆ ಸಿಕ್ಕವರು ಮೂವತ್ತು ಸಾವಿರಕ್ಕಿಂತ ಕಡಿಮೆ.

1510ರ ಸೆಪ್ಟೆಂಬರಿನಲ್ಲಿ ದೊಮಿನಿಕನ್ ಸಂಘದ ಕೆಲವು ಸನ್ಯಾಸಿಗಳು ಪೆದ್ರೊ ದೆ ಕೊರ್ದೊಬಾ ಎಂಬ ಇನ್ನೂ ಮೂವತ್ತು ದಾಟದ ಹಿರಿಯನ ಜೊತೆ ಅಲ್ಲಿಗೆ ಬಂದರು. ಸಾಂತೋ ದೊಮಿಂಗೊ ಊರಿನಲ್ಲಿ ಹುಲ್ಲು ಹೊದೆಸಿದ ಗುಡಿಸಲಲ್ಲಿ ಉಳಿದರು. ಸುಮಾರು ಒಂದು ವರ್ಷ ಕಣ್ಣಿಂದ ನೋಡಿದರು, ಕಿವಿಯಿಂದ ಕೇಳಿದರು. ಅವರಿಗೆ ಒಳಗಿನ ಸಂಗತಿ ತಿಳಿಸಿದವರಲ್ಲಿ ಒಬ್ಬ ಹುವಾನ್ ಗಾರ್ಸೆಸ್. ಅವನೇ ಹಿಂದೆ ಆ ಕ್ರೌರ್ಯದಲ್ಲಿ ಪಾಲುಗೊಂಡಿದ್ದ ವಲಸಿಗ. ತನ್ನ ಹೆಂಡತಿಯನ್ನು ಕೊಂದು ಬೆಟ್ಟಗಳಲ್ಲಿ ತಲೆಮರೆಸಿಕೊಂಡಿದ್ದವನು, ಪಶ್ಚಾತ್ತಾಪಪಟ್ಟು ಈ ಸನ್ಯಾಸಿಗಳ ಬಳಿ ಸೇರಿದ್ದ. ಕ್ರೌರ್ಯ ಮಾಡಿದವನ ಬಾಯಿಂದಲೇ ಬಂದ ಸಾಕ್ಷ್ಯ ಅದು.

ಆಮೇಲೆ ಅವರು ಮಾಡಿದ ಕೆಲಸದ ಕ್ರಮ ನೋಡಿ. ಎಲ್ಲರೂ ಉಪವಾಸ, ಪ್ರಾರ್ಥನೆ, ಚರ್ಚೆ ಮಾಡಿ, ಈ ಬಗ್ಗೆ ಬಹಿರಂಗವಾಗಿ ಬೋಧಿಸಲೇಬೇಕು ಎಂದು ತೀರ್ಮಾನಿಸಿದರು. ಪ್ರಸಂಗವನ್ನು ಕೂಡಿ ಬರೆದರು. ಎಲ್ಲರೂ ಸಹಿ ಹಾಕಿದರು. ಒಳ್ಳೆಯ ವಾಗ್ಮಿಯಾಗಿದ್ದ ಆಂತೋನಿಯೊ ದೆ ಮೊಂತೆಸಿನೋಸ್ ಹೇಳಬೇಕೆಂದು ಹಿರಿಯ ಪೆದ್ರೊ ಅಪ್ಪಣೆ ಕೊಟ್ಟರು. ಮುಂದಿನ ಭಾನುವಾರ ನಿಮಗೆಲ್ಲ ಸಂಬಂಧಪಟ್ಟ ವಿಷಯವಿದೆ, ತಪ್ಪದೆ ಬನ್ನಿ ಎಂದು ಊರಿನ ಪ್ರಮುಖರನ್ನೆಲ್ಲ ಕರೆದರು. ಕೊಲಂಬಸನ ಮಗ, ದ್ವೀಪದ ಆಡಳಿತಗಾರ ದಿಯೆಗೊ ಕೊಲಂಬಸನನ್ನೂ ಕರೆದರು. ಬೆನ್ನ ಹಿಂದೆ ಒಂದು ಮಾತೂ ಆಡಬಾರದು ಎಂಬ ಎಚ್ಚರ ಅದರಲ್ಲಿ ಕಾಣುತ್ತದೆ.

1511ರ ಡಿಸೆಂಬರ್ 21, ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ನಾಲ್ಕನೆಯ ಭಾನುವಾರ. ಮೊಂತೆಸಿನೋಸ್ ಆಯ್ದುಕೊಂಡ ವಾಕ್ಯ ಸ್ನಾನಿಕ ಯೋಹಾನನದು: ನಾನು ಅಡವಿಯಲ್ಲಿ ಕೂಗುವವನ ಸ್ವರ. ಪ್ರಸಂಗದ ಮೂಲ ಹಾಳೆ ಉಳಿದಿಲ್ಲ. ಸ್ಪೇನಿನ ಪಾದ್ರಿ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ತಮ್ಮ ಇತಿಹಾಸದಲ್ಲಿ ಬರೆದಿಟ್ಟದ್ದರಿಂದ ನಮಗೆ ಅದರ ತಿರುಳು ಗೊತ್ತು. ನೀವೆಲ್ಲ ಮಾರಕ ಪಾಪದಲ್ಲಿದ್ದೀರಿ, ಅದರಲ್ಲೇ ಬದುಕುತ್ತಿದ್ದೀರಿ, ಅದರಲ್ಲೇ ಸಾಯುತ್ತೀರಿ, ಈ ನಿರಪರಾಧಿ ಜನರ ಮೇಲೆ ನೀವು ನಡೆಸುತ್ತಿರುವ ಕ್ರೌರ್ಯಕ್ಕಾಗಿ ಎಂದರು. ಯಾವ ಹಕ್ಕಿನಿಂದ, ಯಾವ ನ್ಯಾಯದಿಂದ ಇವರನ್ನು ಇಂಥ ಘೋರ ಜೀತದಲ್ಲಿ ಇಟ್ಟಿದ್ದೀರಿ? ಇವರು ಮನುಷ್ಯರಲ್ಲವೇ? ಇವರಿಗೆ ವಿವೇಕವುಳ್ಳ ಆತ್ಮವಿಲ್ಲವೇ? ನಿಮ್ಮಂತೆಯೇ ಇವರನ್ನೂ ಪ್ರೀತಿಸುವ ಹೊಣೆ ನಿಮಗಿಲ್ಲವೇ?

ಕೇಳುತ್ತಿದ್ದವರೆಲ್ಲ ಕ್ರೈಸ್ತರು, ಪೂಜೆ ತಪ್ಪಿಸದವರು. ಅವರಿಗೆ ಅತಿ ಹೆಚ್ಚು ಚುಚ್ಚಿದ್ದು ಇನ್ನೊಂದು ಮಾತು. ಕ್ರೈಸ್ತ ನಂಬಿಕೆಯೇ ಬೇಡವೆನ್ನುವ ‘ಮೂರ್’ ಎಂಬ ಮುಸ್ಲಿಮರಿಗೆ, ತುರ್ಕರಿಗೆ ಇರುವುದಕ್ಕಿಂತ ಹೆಚ್ಚಿನ ರಕ್ಷಣೆಯ ಭರವಸೆ ಈ ಸ್ಥಿತಿಯಲ್ಲಿರುವ ನಿಮಗೂ ಇಲ್ಲ ಎಂದಿದ್ದರು. ಆ ಕಾಲದ ಸ್ಪೇನಿನವರಿಗೆ ಇದಕ್ಕಿಂತ ಕಟುವಾದ ಮಾತು ಇರಲಿಲ್ಲ. ‘ನಾವು’ ಮತ್ತು ‘ಅವರು’ ಎಂದು ಅವರು ಎಳೆದುಕೊಂಡಿದ್ದ ಗೆರೆಯನ್ನೇ ಅದು ಅಳಿಸಿತು.

ಗುಜುಗುಜು ಎಷ್ಟಿತ್ತೆಂದರೆ ಪೂಜೆ ಮುಗಿಸುವುದೇ ಕಷ್ಟವಾಯಿತಂತೆ. ಮೊಂತೆಸಿನೋಸ್ ತಲೆ ತಗ್ಗಿಸದೆ ಇಳಿದು ತಮ್ಮ ಗುಡಿಸಲಿಗೆ ಹೋದರು. ಅಲ್ಲಿ ಊಟಕ್ಕೆ ಇದ್ದದ್ದು ಎಣ್ಣೆಯೂ ಇಲ್ಲದ ಎಲೆಕೋಸಿನ ಸಾರು ಇರಬಹುದು ಎಂದು ಲಾಸ್ ಕಾಸಾಸ್ ಬರೆಯುತ್ತಾರೆ. ಸುಮ್ಮನೆ ಬಂದ ವಿವರವಲ್ಲ ಇದು. ಮಧ್ಯಾಹ್ನ ಅಧಿಕಾರಿಗಳು ದಂಡು ಕಟ್ಟಿ ಬಂದು, ಆ ಮನುಷ್ಯ ಹೇಳಿದ್ದನ್ನು ಹಿಂದೆಗೆದುಕೊಳ್ಳಬೇಕು ಎಂದರು. ಹಿರಿಯ ಪೆದ್ರೊ, ಅದು ಒಬ್ಬರ ಮಾತಲ್ಲ, ನಮ್ಮೆಲ್ಲರ ಮಾತು ಅಂದರು. ಹಾಗಾದರೆ ಗಂಟುಮೂಟೆ ಕಟ್ಟಿ ಸ್ಪೇನಿಗೆ ಹಡಗು ಹತ್ತಿ ಎಂದು ಬೆದರಿಸಿದಾಗ, ಅದಕ್ಕೇನು ನಮಗೆ ಹೆಚ್ಚು ಶ್ರಮವಿಲ್ಲ ಎಂಬ ಉತ್ತರ ಬಂತು. ಅವರ ಆಸ್ತಿಯೆಲ್ಲ ಸೇರಿದರೆ ಎರಡು ಪೆಟ್ಟಿಗೆ. ವಲಸಿಗರ ಹಂಗಿನ ಊಟ ಉಣ್ಣುತ್ತಿದ್ದರೆ ಈ ಉತ್ತರ ಬಾಯಿಗೆ ಬರುತ್ತಿರಲಿಲ್ಲ.

ಮುಂದಿನ ಭಾನುವಾರ, ಡಿಸೆಂಬರ್ 28. ತಪ್ಪೊಪ್ಪಿಗೆ ಕೇಳಲು ಜನ ಕಿಕ್ಕಿರಿದು ಬಂದರು. ಮೊಂತೆಸಿನೋಸ್ ಯೋಬನ ಗ್ರಂಥದ 36ನೆಯ ಅಧ್ಯಾಯ ತೆರೆದರು. ಇನ್ನೂ ಹೇಳುವುದಿದೆ, ನನ್ನ ಮಾತು ಸುಳ್ಳಲ್ಲ ಎಂಬರ್ಥದ ವಾಕ್ಯ. ಹೋದ ವಾರ ಹೇಳಿದ್ದನ್ನೇ ಇನ್ನೂ ಬಲವಾಗಿ ಹೇಳಿ, ಇಂದಿನಿಂದ ಇಂಥವರ ಪಾಪನಿವೇದನೆಯನ್ನು ನಾವು ಕೇಳುವುದಿಲ್ಲ, ಬೇಕಾದವರಿಗೆ ದೂರು ಬರೆಯಿರಿ ಎಂದರು.

ದೂರು ಹೋಯಿತು. 1512ರ ಮಾರ್ಚಿನಲ್ಲಿ ಸ್ಪೇನಿನ ರಾಜ ಫರ್ಡಿನಾಂಡ್ ಸನ್ಯಾಸಿಗಳು ಬಾಯಿ ಮುಚ್ಚಿಕೊಂಡಿರಬೇಕೆಂದು ಬರೆದ. ಅವರ ಸಂಘದ ಸ್ಪೇನಿನ ಮುಖ್ಯಸ್ಥರೂ ಅವರನ್ನೇ ಗದರಿದರು. ಧೈರ್ಯದ ಕಥೆಗಳಲ್ಲಿ ಈ ಭಾಗವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಮೇಲಿನವರು ಬೆಂಬಲಿಸಲಿಲ್ಲ, ಪಕ್ಕದವರು ಬೆಂಬಲಿಸಿದರು. ವಲಸಿಗರು ತಮ್ಮ ಪರ ವಾದಿಸಲು ಫ್ರಾನ್ಸಿಸ್ಕನ್ ಸನ್ಯಾಸಿಯೊಬ್ಬರನ್ನು ಆಸ್ಥಾನಕ್ಕೆ ಕಳಿಸಿದಾಗ ಮೊಂತೆಸಿನೋಸ್ ಕೂಡ ಹಡಗು ಹತ್ತಿದರು. ಆಸ್ಥಾನದ ಬಾಗಿಲಲ್ಲಿ ತಡೆದರೂ ನುಗ್ಗಿಹೋಗಿ, ರಾಜನ ಮುಂದೆ ಮೊಣಕಾಲೂರಿ, ಕಂಡದ್ದನ್ನೆಲ್ಲ ಓದಿಹೇಳಿದರು.

ಫಲವಾಗಿ ಬಂದದ್ದು 1512ರ ಡಿಸೆಂಬರ್ 27ರ ಬುರ್ಗೊಸ್ ಕಾನೂನುಗಳು. ಸೋಲೋ ಗೆಲುವೋ ಎಂದು ಒಂದೇ ಮಾತಿನಲ್ಲಿ ಹೇಳಲಾಗದ ಫಲ. ಜೀತದ ಏರ್ಪಾಡು ಉಳಿಯಿತು. ಬಸುರಿಯರನ್ನು ನಾಲ್ಕು ತಿಂಗಳ ಮೇಲೆ ಗಣಿಗೆ ಕಳಿಸಬಾರದು, ಯಾರನ್ನೂ ಹೊಡೆಯಬಾರದು, ನಾಯಿ ಎಂದು ಕರೆಯಬಾರದು ಎಂಬಂಥ ಕಲಮುಗಳು ಬಂದವು. ಅವನ್ನು ಓದುವಾಗ ಅದುವರೆಗೆ ಅಲ್ಲಿ ಏನೇನು ನಡೆಯುತ್ತಿತ್ತೆಂಬುದು ಎದೆಗೆ ತಟ್ಟುತ್ತದೆ. ಹಿಸ್ಪಾನಿಯೋಲಾದ ತೈನೋಗಳನ್ನು ಆ ಕಾನೂನು ಉಳಿಸಲಿಲ್ಲ.

ಆದರೆ ಪ್ರಸಂಗ ಇನ್ನೊಂದು ಕಡೆ ಬೇರು ಬಿಟ್ಟಿತ್ತು. ಲಾಸ್ ಕಾಸಾಸ್ ಆಗ ಸ್ವತಃ ತೈನೋಗಳನ್ನು ದುಡಿಸಿಕೊಳ್ಳುತ್ತಿದ್ದ ಪಾದ್ರಿ. ಅದೇ ಕಾರಣಕ್ಕೆ ದೊಮಿನಿಕನ್ ಒಬ್ಬರು ಅವರಿಗೆ ಪಾಪಕ್ಷಮೆ ನಿರಾಕರಿಸಿದ್ದರು. 1514ರಲ್ಲಿ ಕ್ಯೂಬಾದಲ್ಲಿ ಪ್ರಸಂಗಕ್ಕೆ ಸಿದ್ಧತೆ ನಡೆಸುವಾಗ ಕಥೋಲಿಕರ ಸತ್ಯವೇದದಲ್ಲಿರುವ ಸಿರಾಖನ ಗ್ರಂಥದ 34ನೆಯ ಅಧ್ಯಾಯ ಅವರ ಕಣ್ಣಿಗೆ ಬಿತ್ತು. ಬಡವನ ರೊಟ್ಟಿಯೇ ಅವನ ಪ್ರಾಣ, ಅದನ್ನು ಕಸಿದವನು ರಕ್ತ ಹರಿಸಿದವನು ಎಂದು ಅಲ್ಲಿದೆ. ತಮ್ಮ ಪಾಲಿಗೆ ಬಂದಿದ್ದ ಜನರನ್ನು ಬಿಟ್ಟುಕೊಟ್ಟು, ಆಗಸ್ಟ್ 15ರಂದು ಪ್ರಸಂಗಪೀಠದಿಂದಲೇ ಅದನ್ನು ಸಾರಿದರು. ಅಲ್ಲಿಂದ 1566ರಲ್ಲಿ ಸಾಯುವ ತನಕ ಇದೇ ಅವರ ಕೆಲಸವಾಯಿತು. ಮೂಲನಿವಾಸಿಗಳನ್ನು ಗುಲಾಮರನ್ನಾಗಿಸಕೂಡದೆಂಬ ಪೋಪ್ ಮೂರನೆಯ ಪೌಲರ 1537ರ ಆಜ್ಞೆ, 1542ರ ಸ್ಪೇನಿನ ಹೊಸ ಕಾನೂನುಗಳು, ಮೂಲನಿವಾಸಿಗಳ ಹಕ್ಕಿನ ಬಗ್ಗೆ ಸ್ಪೇನಿನ ವಯ್ಯಾದೊಲಿದ್ ಊರಿನಲ್ಲಿ ನಡೆದ 1550–51ರ ವಾದ ಎಲ್ಲದರ ಹಿನ್ನೆಲೆಯಲ್ಲೂ ಆ ಹುಲ್ಲಿನ ಗುಡಿಸಲಿನವರು ಎತ್ತಿದ ಪ್ರಶ್ನೆ ಇದೆ. ಅದೇ ಲಾಸ್ ಕಾಸಾಸ್ ಶುರುವಿನಲ್ಲಿ ತೈನೋಗಳ ಬದಲು ಆಫ್ರಿಕಾದ ಗುಲಾಮರನ್ನು ತರಿಸಬಹುದೆಂದು ಸೂಚಿಸಿದ್ದರು. ಅದೂ ಅಷ್ಟೇ ಅನ್ಯಾಯವೆಂದು ಅರಿತು, ಮುಂದೆ ತಮ್ಮ ಇತಿಹಾಸದಲ್ಲೇ ಪಶ್ಚಾತ್ತಾಪ ಬರೆದಿಟ್ಟರು. ಒಂದು ಸತ್ಯಕ್ಕೆ ಕಣ್ಣು ತೆರೆದವರು ಪಕ್ಕದ ಸತ್ಯಕ್ಕೆ ಕುರುಡಾಗಿರಬಲ್ಲರು.

ಧೈರ್ಯ ಇದ್ದರೆ ಸಾಕೇ?

ಸಾಲದು. ಇದನ್ನು ಕಲಿಸುವುದು ಮಿಲಾನಿನ ಬಿಷಪ್ ಆಂಬ್ರೋಸರ ಬದುಕು. 390ರಲ್ಲಿ ಚಕ್ರವರ್ತಿ ಥಿಯೊಡೋಸಿಯಸನ ಸೈನಿಕರು ಥೆಸಲೋನಿಕದಲ್ಲಿ ಸಾವಿರಾರು ಜನರನ್ನು ಕೊಂದಾಗ ಆಂಬ್ರೋಸರು ಅವನಿಗೆ ಸ್ವಂತ ಕೈಬರಹದಲ್ಲಿ ಪತ್ರ ಬರೆದರು. ನೀನು ಪಶ್ಚಾತ್ತಾಪಪಡದೆ ಬಂದು ನಿಂತರೆ ನಾನು ಬಲಿಪೂಜೆ ಅರ್ಪಿಸಲಾರೆ ಎಂದರು. ಚಕ್ರವರ್ತಿ ಸಭೆಯ ಮುಂದೆ ತಪ್ಪೊಪ್ಪಿಕೊಂಡ. ಕ್ರೈಸ್ತ ಧೈರ್ಯಕ್ಕೆ ಮಾದರಿಯೆಂದು ಎಲ್ಲ ಕಡೆ ಹೇಳುವ ಕಥೆ ಇದು. ಅಲ್ಲಿಗೆ ಬಿಟ್ಟುಬಿಡುವುದು ಮಾತ್ರ ಪ್ರಾಮಾಣಿಕವಲ್ಲ.

ಅದಕ್ಕೆ ಎರಡು ವರ್ಷ ಮುಂಚೆ, 388ರಲ್ಲಿ, ಯೂಫ್ರಟಿಸ್ ತೀರದ ಕಲ್ಲಿನಿಕುಮ್ ಎಂಬಲ್ಲಿ ಕ್ರೈಸ್ತರ ಗುಂಪೊಂದು ಯೆಹೂದ್ಯರ ಸಭಾಮಂದಿರವನ್ನು ಸುಟ್ಟಿತ್ತು. ಅಲ್ಲಿನ ಬಿಷಪ್ಪರೇ ಅದನ್ನು ಕಟ್ಟಿಸಿಕೊಡಬೇಕೆಂದು ಇದೇ ಚಕ್ರವರ್ತಿ ಆಜ್ಞೆ ಮಾಡಿದ್ದ. ನ್ಯಾಯವಾದ ಆಜ್ಞೆ. ಆಂಬ್ರೋಸರು ಅದನ್ನೂ ಇಷ್ಟೇ ಧೈರ್ಯದಿಂದ ಎದುರಿಸಿ, ಪೂಜೆಯ ಹೊತ್ತಿನಲ್ಲೇ ಪಟ್ಟು ಹಿಡಿದು, ಆಜ್ಞೆಯನ್ನು ಹಿಂದೆಗೆಸಿದರು. ಮನುಷ್ಯ ಅದೇ, ಎದೆಗಾರಿಕೆ ಅದೇ, ಎದುರಿಗಿದ್ದ ಅರಸನೂ ಅದೇ. ಒಂದು ಸಲ ಕೊಲೆಯಾದವರ ಪರ, ಇನ್ನೊಂದು ಸಲ ಬೆಂಕಿ ಹಚ್ಚಿದ ತನ್ನವರ ಪರ. ಆದ್ದರಿಂದ ಯಾರಾದರೂ ದೊಡ್ಡವರನ್ನು ಎದುರಿಸಿ ಮಾತಾಡಿದರೆಂದು ಕೇಳಿದಾಗ ನಾನು ಮೊದಲು ಹುಡುಕುವುದು, ಆ ಮಾತಿನಿಂದ ನೆರಳು ಸಿಕ್ಕಿದ್ದು ಯಾರಿಗೆ ಎಂಬುದನ್ನು.

ಸಾವಿರದ ಐನೂರೈವತ್ತು ವರ್ಷಗಳ ಮೇಲೆ, 1938ರ ನವೆಂಬರಿನಲ್ಲಿ ಜರ್ಮನಿಯಾದ್ಯಂತ ಯೆಹೂದ್ಯರ ಸಭಾಮಂದಿರಗಳು ಉರಿದವು. ಬರ್ಲಿನ್ನಿನ ಕಥೋಲಿಕ ಪ್ರಧಾನಾಲಯದ ಪಾದ್ರಿ ಬೆರ್ನ್‌ಹಾರ್ಡ್ ಲಿಖ್ಟೆನ್‌ಬೆರ್ಗ್ ಸಂಜೆಯ ಪ್ರಾರ್ಥನೆಯಲ್ಲಿ, ಹೊರಗೆ ಉರಿಯುತ್ತಿರುವುದೂ ದೇವರ ಮನೆಯೇ ಎಂದರು. ಅಂದಿನಿಂದ ದಿನವೂ ಸಂಜೆ ಯೆಹೂದ್ಯರಿಗಾಗಿ ಬಹಿರಂಗವಾಗಿ ಪ್ರಾರ್ಥಿಸಿದರು. 1941ರಲ್ಲಿ ಪ್ರಾರ್ಥನೆ ಕೇಳಿಸಿಕೊಂಡ ಇಬ್ಬರು ವಿದ್ಯಾರ್ಥಿನಿಯರು ದೂರು ಕೊಟ್ಟರು. ಸೆರೆವಾಸದ ನಂತರ 1943ರಲ್ಲಿ ದಖಾವ್ ಶಿಬಿರಕ್ಕೆ ಸಾಗಿಸುವ ದಾರಿಯಲ್ಲಿ ತೀರಿಕೊಂಡರು. ಆಂಬ್ರೋಸರು ಕಲ್ಲಿನಿಕುಮ್ ವಿಷಯದಲ್ಲಿ ಹೇಳಬೇಕಿದ್ದ ಮಾತನ್ನು ಹೇಳಿದವರು ಇವರು. ಅವರ ಬೆನ್ನಿಗೆ ನಿಲ್ಲುವವರು ಮಾತ್ರ ಬಹಳ ಕಡಿಮೆ ಇದ್ದರು.

ಜರ್ಮನಿಯ ಪ್ರೊಟೆಸ್ಟಂಟ್ ಸಭೆಗಳ ಕಡೆ ಸಂಘಟನೆ ಇತ್ತು. 1934ರ ಮೇ ತಿಂಗಳ ಕೊನೆಯಲ್ಲಿ ಬಾರ್ಮೆನ್ ಊರಿನಲ್ಲಿ ಸೇರಿ, ಸಭೆಗೆ ಯೇಸುವಲ್ಲದೆ ಬೇರೆ ನಾಯಕನಿಲ್ಲ ಎಂದು ಘೋಷಿಸಿದರು. ಹಿಟ್ಲರನ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಆದರೂ ಆ ಘೋಷಣೆಯ ಆರು ವಿಧಿಗಳಲ್ಲಿ ಎಲ್ಲೂ ಯೆಹೂದ್ಯರ ಹೆಸರಿಲ್ಲ. ಅದನ್ನು ಬರೆದವರಲ್ಲಿ ಮುಖ್ಯರಾದ ಕಾರ್ಲ್ ಬಾರ್ತ್ ಇದು ತಮ್ಮ ತಪ್ಪು ಎಂದು ಮುಂದೆ ಒಪ್ಪಿಕೊಂಡರು. ತಮ್ಮ ಸ್ವಾತಂತ್ರ್ಯಕ್ಕಾಗಿ ಎತ್ತಿದ ದನಿ ಪಕ್ಕದ ಮನೆಯವರಿಗಾಗಿ ಏಳಲಿಲ್ಲ.

ನಮ್ಮ ಪಂಕ್ತಿ

ಇಷ್ಟು ಹೇಳಿ ಭಾರತದ ಸಭೆಗಳಿಗೆ ಬಾರದಿದ್ದರೆ ಆಮೋಸನನ್ನು ಮೋವಾಬಿನಲ್ಲೇ ನಿಲ್ಲಿಸಿದಂತೆ. ನಮ್ಮ ಅಹಿತಕರ ಸತ್ಯದ ಹೆಸರು ಜಾತಿ. ಅಂತಿಯೋಕ್ಯದ ಪಂಕ್ತಿಭೇದ ನಮ್ಮಲ್ಲಿ ಬೇರೆ ರೂಪಗಳಲ್ಲಿ ಬಂದಿದೆ: ಬೇರೆ ಬೇರೆ ಕೂರುವ ಜಾಗ, ಬೇರೆ ಸ್ಮಶಾನ. ಕರಾವಳಿಯ ಕೊಂಕಣಿ ಕಥೋಲಿಕರಲ್ಲಿ ಬಾಮೊಣ್, ಚಾರೊಡಿ ಎಂಬ ವಿಂಗಡಣೆ ಕೆಲವರ ಮದುವೆ ಮಾತುಕತೆಯಲ್ಲಿ ಇನ್ನೂ ತಲೆಯೆತ್ತುತ್ತದೆ.

1833ರಲ್ಲಿ ಕಲ್ಕತ್ತೆಯ ಆಂಗ್ಲಿಕನ್ ಬಿಷಪ್ ಡೇನಿಯಲ್ ವಿಲ್ಸನ್ ದಕ್ಷಿಣದ ಸಭೆಗಳಿಗೆ ಪತ್ರ ಬರೆದು, ಸಭೆಯೊಳಗೆ ಜಾತಿಭೇದವನ್ನು ದೃಢವಾಗಿ, ತಕ್ಷಣವಾಗಿ, ಶಾಶ್ವತವಾಗಿ ಬಿಡಬೇಕೆಂದರು. ಮದ್ರಾಸು, ತಂಜಾವೂರಿನ ಸಭೆಗಳಿಂದ ಮೇಲುಜಾತಿಯವರು ನೂರಾರು ಸಂಖ್ಯೆಯಲ್ಲಿ ಹೊರನಡೆದರು. ವಿಲ್ಸನ್ನರ ಮಾತು ಸರಿಯಾಗಿತ್ತು. ಅದಕ್ಕೆ ಅವರು ತೆರಬೇಕಾದ ಸ್ವಂತ ಬೆಲೆ ಮಾತ್ರ ಹೆಚ್ಚಿರಲಿಲ್ಲ. ದೂರದಿಂದ ಬಂದ ಅಪ್ಪಣೆಗೂ ಜೊತೆಯಲ್ಲಿ ಬದುಕಿ ಹೇಳಿದ ಮಾತಿಗೂ ವ್ಯತ್ಯಾಸವಿದೆ.

ಜೊತೆಯಲ್ಲಿ ಬದುಕಿದವರ ಕಷ್ಟ 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಿಗೆ ಬೇಗ ತಿಳಿಯಿತು. ಸಭೆಯಲ್ಲಿ ಜಾತಿ ಇಲ್ಲ ಎಂದು ಕಟ್ಟುನಿಟ್ಟಾಗಿ ಹೇಳಿದ ಮೇಲೆ, ಹಾಗೆ ಬಂದವರು ಮನೆ, ಕಸುಬು, ಗೇಣಿಯ ಭೂಮಿ ಕಳೆದುಕೊಂಡು ಬೀದಿಗೆ ಬಿದ್ದರು. ಅವರಿಗೆ ಕೆಲಸ ಕೊಡಲೆಂದೂ ಮುದ್ರಣಾಲಯ, ಮಗ್ಗಗಳು, 1865ರಲ್ಲಿ ಜೆಪ್ಪುವಿನ ಹೆಂಚಿನ ಕಾರ್ಖಾನೆ ಹುಟ್ಟಿದವು. ಸತ್ಯ ಹೇಳಿ ಕೇಳಿದವರನ್ನು ಬೀದಿಯಲ್ಲಿ ಬಿಡಬಾರದು ಎಂಬ ಹೊಣೆಯ ಗುರುತು ನನಗೆ ಆ ಹೆಂಚುಗಳಲ್ಲಿ ಕಾಣುತ್ತದೆ.

ಹತ್ತೊಂಬತ್ತನೆಯ ಶತಮಾನದ ಮಾತಾಯಿತು ಎಂದು ತಳ್ಳಿಹಾಕುವಂತಿಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಕ್ರೈಸ್ತರಾದ ದಲಿತರಿಗೆ ಸಿಗುವುದಿಲ್ಲ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ಸಿಕ್ಕಿತು. ಇದರ ವಿರುದ್ಧ ಸಭೆಗಳು ದಶಕಗಳಿಂದ ಹೋರಾಡುತ್ತಿವೆ, ಹೋರಾಡಬೇಕು ಕೂಡ. ಆದರೆ ಮತಾಂತರದಿಂದ ಅಸ್ಪೃಶ್ಯತೆ ಹೋಗಲಿಲ್ಲ ಎಂದು ಸರ್ಕಾರದ ಮುಂದೆ ವಾದಿಸುವ ನಾವು ಆ ಅಸ್ಪೃಶ್ಯತೆ ನಮ್ಮ ಆಲಯದೊಳಗೂ ಇದೆ ಎಂದು ಒಪ್ಪಬೇಕಾಗುತ್ತದೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರ ಡಿಸೆಂಬರಿನಲ್ಲಿ ದಲಿತ ಸಬಲೀಕರಣದ ನೀತಿಯನ್ನು ಹೊರತಂದಾಗ ಅದನ್ನು ಲಿಖಿತವಾಗಿ ಒಪ್ಪಿಕೊಂಡಿತು. ಹೊರಗಿನವರು ಬಂದು ಹೇಳಲಿಲ್ಲ. ದಲಿತ ಕ್ರೈಸ್ತರು ದಶಕಗಳ ಕಾಲ ಸಭೆಯೊಳಗೇ ನಿಂತು, ಬಂಡಾಯಗಾರರು ಎನಿಸಿಕೊಂಡು, ಕೇಳಿ ಕೇಳಿ ಆ ಒಪ್ಪಿಗೆ ಪಡೆದರು. ನಮ್ಮ ಕಾಲದ ಮೊಂತೆಸಿನೋಸರು ಅವರೇ. ಒಂದು ವ್ಯತ್ಯಾಸವಿದೆ: ಇವರು ಪ್ರಸಂಗಪೀಠದಿಂದ ಮಾತಾಡಲಿಲ್ಲ, ಹಿಂದಿನ ಬೆಂಚಿನಿಂದ ಮಾತಾಡಿದರು.

ಹಿಂದಿನ ಬೆಂಚಿನಿಂದ ಬರುವ ಇನ್ನೊಂದು ಸತ್ಯ ಲೈಂಗಿಕ ದೌರ್ಜನ್ಯದ್ದು. ಇಲ್ಲಿ ನಮ್ಮ ಸಭೆಗಳು ಧೈರ್ಯಕ್ಕೆ ಬದಲಾಗಿ ‘ಸಭೆಯ ಮಾನ’ವನ್ನು ಆರಿಸಿಕೊಂಡ ಉದಾಹರಣೆಗಳು ಲೋಕದಾದ್ಯಂತ ಇವೆ. ಮತ್ತಾಯನ ‘ಮೊದಲು ಇಬ್ಬರೇ ಇರುವಾಗ’ ಎಂಬ ವಾಕ್ಯ ಹಾನಿಗೊಳಗಾದವರ ಬಾಯಿ ಮುಚ್ಚಿಸಲು ಬಳಕೆಯಾದದ್ದೂ ಇಲ್ಲೇ. ಪೋಪ್ ಫ್ರಾನ್ಸಿಸ್ 2019ರ ಮೇ 7ರಂದು ಹೊರಡಿಸಿದ ‘ವೋಸ್ ಎಸ್ತಿಸ್ ಲುಕ್ಸ್ ಮುಂದಿ’ (ನೀವು ಲೋಕಕ್ಕೆ ಬೆಳಕಾಗಿದ್ದೀರಿ) ಎಂಬ ನಿಯಮಾವಳಿ ಈ ಕಾರಣಕ್ಕೆ ಮುಖ್ಯ. ಪಾದ್ರಿಗಳೂ ಸನ್ಯಾಸಿನಿಯರೂ ದೌರ್ಜನ್ಯದ ಸುಳಿವು ಸಿಕ್ಕರೆ ವರದಿ ಮಾಡಲೇಬೇಕು. ವರದಿ ಮಾಡಿದವರ ಮೇಲೆ ಸೇಡು ತೀರಿಸಿಕೊಳ್ಳುವಂತಿಲ್ಲ. ದೂರು ಕೊಟ್ಟವರಿಗೆ ಸುಮ್ಮನಿರು ಎಂದು ಷರತ್ತು ಹಾಕುವಂತಿಲ್ಲ. 2023ರಲ್ಲಿ ಇದು ಶಾಶ್ವತ ನಿಯಮವಾಯಿತು. ಸಾಂತೋ ದೊಮಿಂಗೊದ ಸನ್ಯಾಸಿಗಳು ಸಹಿ ಹಾಕಿ ಮೊಂತೆಸಿನೋಸರ ಬೆನ್ನಿಗೆ ನಿಂತದ್ದನ್ನು ಇಲ್ಲಿ ಕಾನೂನು ಮಾಡಲು ಹೊರಟಿದೆ. ಆಚರಣೆಯಲ್ಲಿ ಅದು ಎಷ್ಟು ಗಟ್ಟಿ ಎಂಬುದು ಆಯಾ ಧರ್ಮಪ್ರಾಂತ್ಯದವರ ಕೈಯಲ್ಲಿದೆ.

ಮಕ್ಕಳ ವಿಷಯದಲ್ಲಂತೂ ನಮ್ಮ ದೇಶದ ಕಾನೂನು ಯಾವ ಅನುಮಾನಕ್ಕೂ ಎಡೆ ಕೊಟ್ಟಿಲ್ಲ. 2012ರ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ, ಮಗುವಿನ ಮೇಲೆ ದೌರ್ಜನ್ಯ ನಡೆದದ್ದು ಗೊತ್ತಾದ ಯಾರೇ ಆದರೂ ಪೊಲೀಸರಿಗೆ ತಿಳಿಸಬೇಕು. ಸತ್ಯವೇದದ ವಾಕ್ಯ ತೋರಿಸಿ, ಸಭೆಯೊಳಗೇ ಬಗೆಹರಿಸೋಣ ಎಂದು ಒಬ್ಬ ತಾಯಿಯನ್ನು ಮನೆಗೆ ಕಳಿಸುವ ಅಧಿಕಾರ ಯಾವ ಬೋಧಕರಿಗೂ, ಯಾವ ಬಿಷಪ್ಪರಿಗೂ ಇಲ್ಲ.